ಕಾಲಿಲ್ಲದ್ದು ಒಲೆಗಿಲ್ಲ

ನನ್ನ ತಮ್ಮನನ್ನು ‘ಅಣಬೆ’ ಎಂದು ಕರೆದವರಿಗೆ ನನ್ನ ಅಂಗಡಿಯಲ್ಲಿ ಬಿಯರ್ ಇಲ್ಲ. ಹೊಸಬರಿಗೆ ಗೊತ್ತಿರಲಿ ಎಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರು ಯಾಸೆನಿತ್ಸಾದಲ್ಲಿ ಬೇರೆ ಬಿಯರ್ ಅಂಗಡಿ ಇಲ್ಲ, ಇನ್ನೊಂದು ಬೇಕಾದರೆ ಬೆಟ್ಟ ಹತ್ತಿ ಇಳಿಯಬೇಕು. ಹಾಗಾಗಿ ಊರಿನವರು ನಾಲಿಗೆ ಬಿಗಿಹಿಡಿದು ಕೂರುತ್ತಾರೆ. ಹೊರಗಿನಿಂದ ಬಂದ ಪಡ್ಡೆಗಳೇ ಬಾಯಿ ಬಿಟ್ಟು ಕೆಡುವುದು. ಹೋದ ವಾರ ಒಬ್ಬ ಗೋಡೆಯ ಮೇಲಿನ ಫೋಟೋ ತೋರಿಸಿ, “ಇವನೇ ಅಲ್ವಾ ವಿಷದಣಬೆ ತಿಂದ ಸ್ಟ್ರೈಕರು?” ಎಂದ. ಅವನ ಮುಂದಿದ್ದ ತುಂಬಿದ ಲೋಟವನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದೆ.

ಆ ಫೋಟೋದಲ್ಲಿರುವವನು ವೆಂಡೆಲಿನ್. ನಮಗೆ ವೆಂಡೋ. ನಾನು ಎತೆಲಾ, ಅವನ ಅಕ್ಕ. ಅಮ್ಮ ಬೇಗ ತೀರಿಕೊಂಡಳು, ನಮ್ಮಿಬ್ಬರನ್ನೂ ಸಾಕಿದವನು ಅಪ್ಪ ಕೊರ್ನೆಲ್. ಅವನು ಅರಣ್ಯ ಕಾವಲುಗಾರ. ಮನೆಯಲ್ಲಿ ಮಾತಿಲ್ಲ, ಕಾಡಿನಲ್ಲಿ ಮಾತ್ರ ಬಾಯಿ ಬಿಡುತ್ತಿದ್ದ. ಅದೂ ನಿಯಮ ಹೇಳುವುದಕ್ಕೆ.

ನಮ್ಮ ಕಡೆ ಹೆಂಡತಿಗೆ ಹಣ ಬಚ್ಚಿಟ್ಟ ಜಾಗ ಹೇಳುವ ಗಂಡಸರೂ ಅಣಬೆಯ ಜಾಗ ಹೇಳುವುದಿಲ್ಲ. ನಮ್ಮ ಮನೆತನಕ್ಕೂ ಒಂದು ಜಾಗವಿತ್ತು. ಮೇಲಿನ ಇಳಿಜಾರಿನಲ್ಲಿ, ಬೀಚ್ ಮರಗಳ ಗುಂಪಿನ ಕೆಳಗೆ. ‘ಅಜ್ಜನ ಜಾಗ’ ಎನ್ನುತ್ತಿದ್ದೆವು. ನನ್ನ ಗಂಡನಿಗೂ ನಾನದನ್ನು ತೋರಿಸಿಲ್ಲ, ಅವನು ಕೇಳಿಯೂ ಇಲ್ಲ, ಮರ್ಯಾದಸ್ಥ. ಬೇಸಿಗೆಯ ಕೊನೆಗೆ ಅಲ್ಲಿ ಹಸಿರು ಟೋಪಿಯ ಪ್ಲಾವ್ಕಾ ಅಣಬೆ ಏಳುತ್ತಿತ್ತು. ಕಾದ ಒಲೆಯ ತಗಡಿನ ಮೇಲೆ ಅದನ್ನು ಬೋರಲು ಹಾಕಿ, ಉಪ್ಪು, ಜೀರಿಗೆ ಉದುರಿಸಿದರೆ ಸಾಕು, ಮಾಂಸ ಯಾರಿಗೆ ಬೇಕು.

ಆದರೆ ಅದೇ ಹಸಿರು ಟೋಪಿ, ಅದೇ ಬಿಳಿ ಪದರು ಹೊತ್ತು ಇನ್ನೊಂದು ಏಳುತ್ತದೆ. ನಮ್ಮ ಕಡೆ ಅದಕ್ಕೆ ಯಮ ಎಂದೇ ಹೆಸರು. ಎರಡಕ್ಕೂ ವ್ಯತ್ಯಾಸ ಇರುವುದು ಕಾಲಿನಲ್ಲಿ. ಯಮನ ಕೊರಳಲ್ಲಿ ಉಂಗುರ, ಬುಡದಲ್ಲಿ ಬಿಳಿ ಚೀಲ. ಚಾಕುವಿನಲ್ಲಿ ಕುಯ್ದರೆ ಉಂಗುರವೂ ಚೀಲವೂ ನೆಲದಲ್ಲೇ ಉಳಿದುಬಿಡುತ್ತವೆ, ಕೈಗೆ ಬರುವುದು ಬರೀ ಟೋಪಿ. ಅದಕ್ಕೇ ಅಪ್ಪ ಕಾಡಿಗೆ ಚಾಕು ತರಗೊಡುತ್ತಿರಲಿಲ್ಲ. ಅಣಬೆಯನ್ನು ಬುಡದಲ್ಲಿ ಹಿಡಿದು ತಿರುಚಿ ಕೀಳಬೇಕು, ಗುಳಿಗೆ ಪಾಚಿ ಮುಚ್ಚಬೇಕು, ಕಾಲು ನೋಡಿಯೇ ಬುಟ್ಟಿಗೆ ಹಾಕಬೇಕು. ವೆಂಡೋ ಚಿಕ್ಕವನಿದ್ದಾಗ ಜಾತ್ರೆಯಿಂದ ಒಂದು ಮಡಚುವ ಚಾಕು ಕೊಂಡು ತಂದು ಕಾಡಿನಲ್ಲಿ ಹೊರತೆಗೆದ. ಅಪ್ಪ ಕಿತ್ತುಕೊಂಡು ನಮ್ಮ ಮನೆ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ. “ಕಾಲಿಲ್ಲದ್ದು ಒಲೆಗಿಲ್ಲ,” ಎಂದ. ಅಷ್ಟೇ. ಚಾಕು ಅಲ್ಲೇ ಇತ್ತು, ತುಕ್ಕು ಹಿಡಿಯಿತು, ವೆಂಡೋ ಅದನ್ನು ಮತ್ತೆ ಮುಟ್ಟಲಿಲ್ಲ.

ಇನ್ನೊಂದು ನಿಯಮ ಕೂಗಿನದು. ಕಾಡಿನಲ್ಲಿ ದಾರಿ ತಪ್ಪಿದರೆ ಅಥವಾ ಆಪತ್ತು ಬಂದರೆ ಮಾತ್ರ ಕೂಗಬೇಕು. ಎರಡು ಸಣ್ಣ ಸ್ವರ, ಒಂದು ಉದ್ದ. ಕೇಳಿಸಿಕೊಂಡವರು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಗೊಡಬೇಕು. ಅಪ್ಪ ಓಡಿ ಬಂದು ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಕಳೆದುಹೋದೋರು ಯಾರು?” ತಪ್ಪಿದವನು ಮುಂದೆ ಬಂದು “ನಾನು” ಎನ್ನಬೇಕು. ನೆಪ ಹೇಳುವಂತಿಲ್ಲ, ಅಳುವಂತಿಲ್ಲ.

ನಮ್ಮ ಊರಿನ ಆಟದ ಬಯಲು ಒಂದು ಕಡೆಗೆ ವಾಲಿದೆ. ಒದ್ದ ಚೆಂಡು ಹೊಳೆಗೆ ಹೋಗುತ್ತದೆ. ಅದು ಹೊಳೆ ಸೇರುವ ಮೊದಲು ಓಡಿ ಹಿಡಿದೂ ಹಿಡಿದೂ ವೆಂಡೋನ ತೊಡೆಗಳು ದಿಮ್ಮಿಯಾದವು. ಸೈನ್ಯದ ಚಾಕರಿಯಲ್ಲಿ ಅವನನ್ನು ಸೇನೆಯ ತಂಡಕ್ಕೆ ಹಾಕಿಕೊಂಡರು, ಅಲ್ಲಿಂದ ಮೊದಲ ದರ್ಜೆಯ ಲೀಗಿಗೆ ಹೋದ. ಚಂದದ ಆಟ ಅವನದಲ್ಲ, ಅಕ್ಕನಾದ ನಾನೇ ಹೇಳುತ್ತೇನೆ. ಚೆಂಡು ಬಂದಲ್ಲಿ ತಲೆ ಕೊಡುತ್ತಿದ್ದ, ಎದುರಾಳಿ ಒದ್ದರೂ ಕೊಡುತ್ತಿದ್ದ. ಗೋಲು ಹೊಡೆದದ್ದಕ್ಕಿಂತ ಮೂಗು ಮುರಿದುಕೊಂಡದ್ದೇ ಹೆಚ್ಚು ಎಂದು ಊರಿನವರು ರೇಗಿಸುತ್ತಿದ್ದರು.

ದೇಶ ಎರಡಾಗಿ ನಮ್ಮದೇ ರಾಷ್ಟ್ರೀಯ ತಂಡ ಹುಟ್ಟಿದಾಗ ಅವನಿಗೂ ಕರೆ ಬಂತು. ಆದರೆ ಕರೆದು ಕೂರಿಸಿದ್ದು ಬೆಂಚಿನ ಮೇಲೆ. ಅವನಿಗಿಂತ ಒಳ್ಳೆಯ ಸ್ಟ್ರೈಕರ್ ಒಬ್ಬನಿದ್ದ, ಸುಳ್ಳೇಕೆ ಹೇಳಲಿ. ಆಟ ಮುಗಿಯಲು ಚೂರು ಹೊತ್ತಿದೆ ಎನ್ನುವಾಗ ವೆಂಡೋನನ್ನು ಇಳಿಸುತ್ತಿದ್ದರು, ಬೆವರು ಬರುವಷ್ಟರಲ್ಲಿ ಸೀಟಿ. ಅಪ್ಪ ಟಿವಿ ಮುಂದೆ ತನ್ನ ಹಸಿರು ಹ್ಯಾಟ್ ಹಾಕಿಕೊಂಡು ಕೂತು, ಮೊದಲ ಹನ್ನೊಂದು ಜನರ ಹೆಸರು ಓದಿ ಮುಗಿಸಿದ ಮೇಲೆ ಹ್ಯಾಟ್ ತೆಗೆದಿಟ್ಟು ಹಟ್ಟಿಗೆ ಹೋಗುತ್ತಿದ್ದ. ವೆಂಡೋಗೆ ಅದು ಗೊತ್ತಿತ್ತು. ಮೂವತ್ತು ದಾಟಿದ, ಕೂದಲು ಹಿಂದಕ್ಕೆ ಸರಿಯಿತು, ಬೆಂಚು ಮಾತ್ರ ಬದಲಾಗಲಿಲ್ಲ.

ಆ ಸೆಪ್ಟೆಂಬರಿನಲ್ಲಿ ದೊಡ್ಡ ಸ್ಟ್ರೈಕರ್‌ನ ಮಂಡಿ ಹೋಯಿತು. ತಂಡ ಬೀಡುಬಿಟ್ಟಿದ್ದು ನಮ್ಮ ಊರಿನ ಮೇಲಿನ ಬೆಟ್ಟದ ಹೋಟೆಲಿನಲ್ಲಿ. ಅರ್ಹತಾ ಪಂದ್ಯ ಜಿಲ್ಲಾ ಪಟ್ಟಣದ ಕ್ರೀಡಾಂಗಣದಲ್ಲಿ, ಬುಧವಾರ ಸಂಜೆ. ಮಂಗಳವಾರ ರಾತ್ರಿ ಅವನ ಫೋನ್ ಬಂತು. “ಅಕ್ಕ, ಅಪ್ಪಂಗೆ ಹೇಳು, ನಾಳೆ ಹ್ಯಾಟ್ ತೆಗೀಬೇಡ ಅಂತ,” ಎಂದ. ಅಪ್ಪನಿಗೆ ಹೇಳಿದೆ. ಅವನು ಎದ್ದು ಹೋಗಿ ಹ್ಯಾಟಿಗೆ ಬ್ರಷ್ ಹಾಕತೊಡಗಿದ.

ಬುಧವಾರ ಬೆಳಗ್ಗೆ ಬೆಳಕು ಹರಿಯುವಾಗ ವೆಂಡೋ ನಮ್ಮ ಅಡುಗೆಮನೆಗೆ ನುಗ್ಗಿದ. ಕೈಯಲ್ಲಿ ಬುಟ್ಟಿ. ಪಂದ್ಯದ ದಿನ, ಅಣಬೆಯ ಕಾಲವಾಗಿದ್ದರೆ, ಅಜ್ಜನ ಜಾಗದ ಪ್ಲಾವ್ಕಾ ತಿಂದು ಹೋಗುವುದು ಅವನ ಹಳೆಯ ಶಕುನ. ಬೇರೆ ಯಾರೂ ಅದಕ್ಕೆ ಕೈ ಹಾಕಬಾರದು. ನಾನು ಅಂಗಳದಲ್ಲಿ ಊರಿನ ಬಸ್ಸಿಗೆಂದು ದೊಡ್ಡ ಕಡಾಯಿಯಲ್ಲಿ ಮಾಂಸದ ಗುಲಾಶ್ ಕುದಿಸುತ್ತಿದ್ದೆ. ಒಳಗಿನಿಂದ ಉಪ್ಪು ಸಿಡಿಯುವ ಸದ್ದು ಬಂತು, ಘಮ ಬಂತು. ಬ್ರೆಡ್ಡಿನ ಕೊನೆಯ ತುತ್ತು ಬಾಯಲ್ಲಿಟ್ಟುಕೊಂಡೇ ಹೊರಬಂದು ನನ್ನ ಕೆನ್ನೆಗೆ ಮುತ್ತಿಟ್ಟು ಗುಡ್ಡ ಹತ್ತಿ ಓಡಿದ.

ಮಧ್ಯಾಹ್ನ ಕಡಾಯಿ ಇಳಿಸಿದ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಾನೂ ಮೇಲಿನ ಇಳಿಜಾರಿಗೆ ಹೋದೆ. ಉಳಿದದ್ದನ್ನು ಉಪ್ಪಿನಕಾಯಿಗೆ ತರೋಣ ಎಂದು. ಅವನು ಕಿತ್ತ ಗುಳಿಗಳು ಕಂಡವು, ಎಲ್ಲದಕ್ಕೂ ಪಾಚಿ ಮುಚ್ಚಿತ್ತು, ಅಪ್ಪ ಕಲಿಸಿದ ಹಾಗೇ. ಅವುಗಳಿಂದ ಕೊಂಚ ದೂರದಲ್ಲಿ, ಬೇರಿನ ಸಂದಿಯಲ್ಲಿ, ಒಂದು ಹಸಿರು ಟೋಪಿ ನಿಂತಿತ್ತು. ಕೊರಳಲ್ಲಿ ಉಂಗುರ. ಎಲೆ ಸರಿಸಿದೆ, ಬುಡದಲ್ಲಿ ಚೀಲ. ಅದು ಹೊಸದೇನಲ್ಲ, ಯಮ ಕೂಡ ಆ ಕಾಡಿನ ಒಕ್ಕಲೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕಾಲು ನಿಂತಿತ್ತು. ಬರೀ ಕಾಲು. ಅದಕ್ಕೂ ಉಂಗುರವಿತ್ತು, ಬುಡದಲ್ಲಿ ಚೀಲವಿತ್ತು. ಟೋಪಿ ಇರಲಿಲ್ಲ. ಚಾಕುವಿನಲ್ಲಿ ನೀಟಾಗಿ ಕುಯ್ದಿದ್ದರು, ಗಾಯ ಇನ್ನೂ ಹಸಿಯಾಗಿತ್ತು.

ಆ ಜಾಗಕ್ಕೆ ಬೆಳಗ್ಗೆ ಬಂದವನು ಅವನೊಬ್ಬನೇ.

ನಮ್ಮ ಊರಿನಲ್ಲಿ ಒಂದು ಮನೆ ಹಾಗೆ ಪೂರ್ತಿ ಹೋಗಿದೆ, ನಾನು ಶಾಲೆಗೆ ಹೋಗುತ್ತಿದ್ದಾಗ. ತಿನ್ನುವಾಗ ರುಚಿಯಾಗಿಯೇ ಇರುತ್ತದಂತೆ. ಅರ್ಧ ದಿನ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ಎಲ್ಲ ನಿಂತು, ಬದುಕಿದೆವು ಎಂದು ಎದ್ದು ಕೂರುತ್ತಾರೆ. ಒಳಗೆ ಮಾತ್ರ ಲಿವರ್ ಕರಗುತ್ತಿರುತ್ತದೆ. ಎಷ್ಟು ಬೇಗ ಆಸ್ಪತ್ರೆ ಸೇರಿದರೆ ಅಷ್ಟು ಆಸೆ.

ಮನೆಗಿಂತ ಮೊದಲು ಸಿಗುವ ಅಂಚೆ ಕಚೇರಿಗೆ ಓಡಿ ಹೋಟೆಲಿಗೆ ಫೋನ್ ಮಾಡಿದೆ. ಅಂಚೆಯ ಇಲೋನಾ ಕಿವಿ ನಿಮಿರಿಸಿ ಕೂತಿದ್ದಳು, ಆದ್ದರಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ವೆಂಡೆಲಿನ್‌ನ ಅಕ್ಕ ಮಾತಾಡ್ತಿರೋದು, ತುಂಬಾ ಅರ್ಜೆಂಟು,” ಎಂದೆ. ಆ ಕಡೆಯವನು ನಕ್ಕ. “ತಂಡ ಆಗಲೇ ಹೊರಟೋಯ್ತಮ್ಮ. ಬೆಳಗ್ಗೆಯಿಂದ ಇನ್ನೂ ಇಬ್ಬರು ಅಕ್ಕಂದಿರು ಫೋನ್ ಮಾಡಿದ್ರು ಅವರಿಗೆ,” ಎಂದ. ಜಿಲ್ಲಾ ಆಸ್ಪತ್ರೆಗೆ ಮಾಡಿದೆ. “ತಿಂದವರನ್ನ ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ,” ಎಂದರು. ಕರೆದುಕೊಂಡು ಹೋಗಲು ಅವನೇನು ನನ್ನ ಕಂಕುಳಲ್ಲಿದ್ದನೇ? ಗಂಡ ಕಾರು ತೆಗೆದುಕೊಂಡು ಸಾಮಿಲ್ಲಿಗೆ ಹೋಗಿದ್ದ. ಉಳಿದದ್ದು ಊರಿನ ಬಸ್ಸು.

ಬಸ್ಸಿನ ತುಂಬ ಬಾವುಟ, ಡೋಲು, ಪ್ಲಮ್ ಸಾರಾಯಿ. ಮುಂದಿನ ಸೀಟಿನಲ್ಲಿ ಹ್ಯಾಟ್ ಹಾಕಿಕೊಂಡು ಅಪ್ಪ. ಪಕ್ಕದಲ್ಲಿ ನಾನು. ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಹೇಳಿದರೆ ಬಸ್ಸಿಗೆಲ್ಲ ಗೊತ್ತಾಗುತ್ತದೆ. ಕಾವಲುಗಾರ ಕೊರ್ನೆಲ್‌ನ ಮಗ ಯಮನನ್ನು ಪ್ಲಾವ್ಕಾ ಎಂದು ತಿಂದ ಎನ್ನುವುದು ನಮ್ಮ ಊರಿನಲ್ಲಿ ಮಗ ಕಳ್ಳ ಎನ್ನುವುದಕ್ಕಿಂತ ಕಡೆ. ಅಪ್ಪ ಒಂದೂವರೆ ಗಂಟೆ ಆ ಮಾತಿನ ಜೊತೆ ಆ ಗದ್ದಲದಲ್ಲಿ ಕೂರಬೇಕಾಗುತ್ತಿತ್ತು. ತುಟಿ ಕಚ್ಚಿಕೊಂಡೆ.

ದಾರಿಯ ತಿರುವಿನಲ್ಲಿ ಊಟದ ಹೋಟೆಲೊಂದರ ಹತ್ತಿರ ಬಸ್ಸು ನಿಂತಿತು. ಗಂಡಸರು ಇಳಿಯತೊಡಗಿದರು.

“ಯಾಕೆ ನಿಲ್ಲಿಸಿದ್ರಿ?” ಎಂದು ಡ್ರೈವರನ ಮೇಲೆ ಹರಿಹಾಯ್ದೆ.

“ಯಾಕೆ ಅಂದ್ರೆ? ಒಳಗೆ ಹೋಗಿದ್ದು ಹೊರಗೆ ಬರ್ಬೇಕಲ್ಲ ಎತೆಲಾ. ನೀನೇ ತಾನೆ ಬಿಯರ್ ಮಾರಿದ್ದು.”

“ಐದು ನಿಮಿಷದಲ್ಲಿ ಬರದಿದ್ದೋರನ್ನ ಇಲ್ಲೇ ಬಿಟ್ಟು ಹೋಗೋದು. ಇನ್ಮೇಲೆ ಸಾಲವೂ ಇಲ್ಲ ಅಂತ ಹೇಳು.”

ಎಲ್ಲರೂ ಓಡಿ ಬಂದರು. ಅಪ್ಪ ನನ್ನ ಮುಖವನ್ನೇ ನೋಡಿದ. “ಏನಾತುರ ನಿಂಗೆ? ನಮ್ಮನ್ನ ಬಿಟ್ಟು ಆಟ ಶುರು ಮಾಡಿದ್ರೂ ಅವನಂತೂ ಇರ್ತಾನಲ್ಲ ಇವತ್ತು,” ಎಂದ. ಅಪ್ಪ ತಮಾಷೆ ಮಾಡಿದ್ದನ್ನು ಅಮ್ಮ ಸತ್ತ ಮೇಲೆ ನಾನು ಕೇಳಿದ್ದು ಅದೇ ಮೊದಲು. ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ನಾವು ಕ್ರೀಡಾಂಗಣದ ಒಳಗೆ ಹೋಗುವಾಗ ರಾಷ್ಟ್ರಗೀತೆ ಮುಗಿಯುತ್ತಿತ್ತು. ಅಪ್ಪ ಮೆಟ್ಟಿಲು ಹತ್ತಿದ. ನಾನು ಜನರನ್ನು ತಳ್ಳಿಕೊಂಡು, ಆಟಗಾರರು ಒಳಹೋಗುವ ಬಾಗಿಲಿನ ಪಕ್ಕದ ಕಂಬಿಯ ಬಳಿ ಬಂದೆ. ಅಲ್ಲಿ ತೋಳಿಗೆ ಪಟ್ಟಿ ಕಟ್ಟಿದ ಒಬ್ಬ ಅಡ್ಡ ನಿಂತ.

“ನನ್ನ ತಮ್ಮ ಒಳಗಿದ್ದಾನೆ. ಡಾಕ್ಟ್ರನ್ನ ಕರೀರಿ. ಪ್ರಾಣದ ವಿಷಯ,” ಎಂದೆ.

“ಇವತ್ತು ಎಲ್ಲರಿಗೂ ಪ್ರಾಣದ ವಿಷಯಾನೇ ತಾಯಿ. ಗೆಲ್ದಿದ್ರೆ ಮನೆಗೆ ಹೋಗ್ಬೇಕಾಗುತ್ತೆ.”

“ಮೂರ್ಖ, ನಾನು ಹೇಳ್ತಿರೋದು—”

“ಹಾಫ್ ಟೈಮಲ್ಲಿ ಬನ್ನಿ,” ಎಂದು ಬೆನ್ನು ತಿರುಗಿಸಿದ.

ಆ ಅರ್ಧ ಆಟವನ್ನು ನಾನು ನೋಡಿದ ಹಾಗೆ ಯಾರೂ ನೋಡಿರಲಾರರು. ಚೆಂಡು ಎಲ್ಲಿತ್ತೋ ಗೊತ್ತಿಲ್ಲ, ನನ್ನ ಕಣ್ಣು ಅವನ ಹೊಟ್ಟೆಯ ಮೇಲೆ. ಅಯ್ಯೋ ದೇವರೇ, ಎಷ್ಟು ಚೆನ್ನಾಗಿ ಆಡಿದ ಅವತ್ತು. ಉತ್ತರ ದೇಶದ ಆ ಎತ್ತರದ ಎದುರಾಳಿಗಳ ನಡುವಿನಿಂದ ಹಾರಿ ಒಂದು ಚೆಂಡಿಗೆ ತಲೆ ಕೊಟ್ಟ, ಅದು ಕಂಬಕ್ಕೆ ಬಡಿದು ವಾಪಸು ಬಂತು. ಇಡೀ ಕ್ರೀಡಾಂಗಣ ಅವನ ಹೆಸರು ಕೂಗಿತು. ಜೀವಮಾನದಲ್ಲಿ ಮೊದಲ ಸಲ. ನಾನು ಕಂಬಿ ಹಿಡಿದುಕೊಂಡು, ಬೇಡಪ್ಪಾ ಓಡಬೇಡ, ರಕ್ತದಲ್ಲಿ ಬೇಗ ಬೆರೆಯುತ್ತದೆ ಎಂದು ಒಳಗೊಳಗೇ ಅಳುತ್ತಿದ್ದೆ.

ಆಗ ಅವನು ನಿಂತ. ಸೊಂಟ ಬಗ್ಗಿಸಿ ಎರಡೂ ಕೈ ಮಂಡಿಯ ಮೇಲೆ ಊರಿದ. ಎದ್ದ. ಮತ್ತೆ ಬಗ್ಗಿದ.

ಇನ್ನು ಕಾಯಲಾಗಲಿಲ್ಲ. ಎದುರಾಳಿಯೊಬ್ಬ ಕಾಲು ಹಿಡಿದುಕೊಂಡು ಬಿದ್ದಿದ್ದ, ಅವನ ಸುತ್ತ ಜನ ಸೇರಿದ್ದರು, ಕ್ರೀಡಾಂಗಣ ಗಪ್‌ಚುಪ್ಪಾಗಿತ್ತು. ನಾನು ಬಾಯಿಗೆ ಕೈ ಬೋಗುಣಿ ಮಾಡಿ ಕಾಡಿನ ಕೂಗು ಹಾಕಿದೆ. ಎರಡು ಸಣ್ಣದು, ಒಂದು ಉದ್ದ.

ವೆಂಡೋ ಗಕ್ಕನೆ ತಿರುಗಿದ. ಅಷ್ಟು ಸಾವಿರ ಜನರ ಮುಂದೆ, ಕೋಚ್ ನೋಡುತ್ತಿರುವಾಗಲೇ, ತಲೆ ಎತ್ತಿ ಓಗೊಟ್ಟ. ಜನ ಹೋ ಎಂದು ನಕ್ಕರು. ಪಟ್ಟಿ ಕಟ್ಟಿದವನೂ ನಕ್ಕ. ಮೇಲಿನ ಸಾಲಿನಲ್ಲಿ ಒಂದು ಹಸಿರು ಹ್ಯಾಟ್ ಎದ್ದು ನಿಂತದ್ದು ನನಗೆ ಕಂಡಿತು.

ಅರ್ಧವಿರಾಮದ ಸೀಟಿಯಾದದ್ದೇ ವೆಂಡೋ ಬಾಗಿಲಿಗೆ ಹೋಗದೆ ನೇರ ಕಂಬಿಗೆ ಓಡಿ ಬಂದ. ಮುಖ ಸುಣ್ಣವಾಗಿತ್ತು.

“ಅಕ್ಕ, ಅಪ್ಪಂಗೆ ಏನಾಯ್ತು?”

“ಅಪ್ಪಂಗೆ ಏನೂ ಆಗಿಲ್ಲ. ಹೊಟ್ಟೆ ನೋಯ್ತಿದ್ಯಾ ನಿಂಗೆ?”

“ಇಲ್ಲ.”

“ಸುಳ್ಳು ಬೊಗಳ್ಬೇಡ.”

“ಸ್ವಲ್ಪ ಹಿಂಡ್ತಿದೆ. ಭಯಕ್ಕಿರ್ಬೇಕು.”

“ಅಜ್ಜನ ಜಾಗಕ್ಕೆ ಹೋಗಿದ್ದೆ. ಯಮನ ಕಾಲು ನಿಂತಿದೆ ಅಲ್ಲಿ. ಟೋಪಿ ಕುಯ್ದಿದಾರೆ. ಚಾಕು ಯಾವಾಗಿಂದ ಇಟ್ಕೊಂಡ್ಯೋ ನೀನು?”

ಅವನು ಕಣ್ಣು ಮುಚ್ಚಿದ. ತೆರೆದಾಗ ನನ್ನನ್ನು ನೋಡಲಿಲ್ಲ, ಬೆಂಚಿನ ಕಡೆ ನೋಡಿದ. ಅಲ್ಲಿ ಬದಲಿ ಆಟಗಾರರ ಕೋಟು ಹಾಕಿಕೊಂಡ ಎಳೆಯ ಮುಖದವನೊಬ್ಬ ಮಂಡಿಯ ಮೇಲೆ ಚೆಂಡು ಕುಣಿಸುತ್ತಿದ್ದ. ತಿಬೋರ್. ವೆಂಡೋನ ಕೋಣೆಯಲ್ಲೇ ಮಲಗುತ್ತಿದ್ದವನು, ರಾಜಧಾನಿಯ ಕಾಂಕ್ರೀಟು ಗೂಡುಗಳಲ್ಲಿ ಬೆಳೆದವನು.

“ಅವನು ಬಂದಿದ್ದ ಬೆಳಗ್ಗೆ,” ಎಂದ ಮೆಲ್ಲಗೆ.

“ಅಜ್ಜನ ಜಾಗಕ್ಕೆ?” ಆ ಗಳಿಗೆಯಲ್ಲೂ ನನಗೆ ಮೈಯೆಲ್ಲ ಉರಿಯಿತು. “ನನ್ನ ಗಂಡಂಗೇ ತೋರಿಸಿಲ್ಲ ನಾನು.”

“ನಿದ್ದೆ ಬರ್ತಿಲ್ಲ, ನಾನೂ ಬರ್ತೀನಿ ಅಣ್ಣ ಅಂದ. ಹೆಂಗೆ ಬೇಡ ಅನ್ಲಿ? ಕಾಡೇ ನೋಡಿಲ್ಲ ಅವನು. ಒಂದು ದೊಡ್ಡ ಟೋಪಿ ಕುಯ್ಕೊಂಡು ಬಂದು ಬುಟ್ಟಿಗೆ ಹಾಕ್ದ. ಇದು ನೀನೇ ತಿನ್ನು ಅಣ್ಣ, ಇವತ್ತು ಗೋಲು ಗ್ಯಾರಂಟಿ ಅಂದ.”

“ಕಾಲಿರ್ಲಿಲ್ವಲ್ಲೋ.”

“ಇರ್ಲಿಲ್ಲ. ನೋಡ್ದೆ. ಎಸೀಬೇಕು ಅಂದ್ಕೊಂಡೆ ಅಕ್ಕ. ಅಷ್ಟು ಆಸೆಯಿಂದ ಕೊಟ್ಟಿದ್ದ. ಅಷ್ಟರಲ್ಲಿ ತಗಡು ಕಾದಿತ್ತು.”

“ಅವನೂ ತಿಂದ್ನಾ?”

“ಇಲ್ಲ, ಅವನು ಕಾಡಿಂದ್ಲೇ ಹೋಟೆಲಿಗೆ ಓಡ್ದ. ನಾನೊಬ್ನೇ ತಿಂದಿದ್ದು.” ಹಾಗೆಂದು ಉಸಿರು ಬಿಟ್ಟ, ಏನೋ ದೊಡ್ಡ ಲಾಭವಾದವನ ಹಾಗೆ. ಎರಡು ಬಾರಿಸಬೇಕು ಎನ್ನಿಸಿತು ನನಗೆ.

ಅಷ್ಟರಲ್ಲಿ ತಂಡದ ಡಾಕ್ಟರೂ ಕೋಚೂ ಬಂದರು. ನಾನು ಯಮ ಎಂದ ಕೂಡಲೇ ಡಾಕ್ಟರ ಬಣ್ಣ ಇಳಿಯಿತು. “ಎಷ್ಟು ಹೊತ್ತಾಯ್ತು ತಿಂದು? ಈಗ್ಲೇ ಹೊರಡ್ಬೇಕು,” ಎಂದರು.

ಕೋಚ್ ವೆಂಡೋನ ತೋಳು ಹಿಡಿದ. “ಓಡೋಕಾಗುತ್ತಾ?”

“ಆಗುತ್ತೆ.”

“ಹಾಗಾದ್ರೆ ಇನ್ನೊಂದು ಇಪ್ಪತ್ತು ನಿಮಿಷ ಆಡು. ಕಂಬಕ್ಕೆ ಬಡಿದಿದ್ದು ಈ ಸಲ ಒಳಗೆ ಹೋಗುತ್ತೆ. ಆಮೇಲೆ ಆಸ್ಪತ್ರೆ.”

“ನಿಮ್ಮ ಮಗ ಆಗಿದ್ರೆ ಆಡಿಸ್ತಿದ್ರಾ?” ಎಂದು ನಾನು ಕಂಬಿಯ ಮೇಲೆ ಅರ್ಧ ಹತ್ತಿದೆ.

ವೆಂಡೋ ಹುಲ್ಲಿನ ಕಡೆ ತಿರುಗಿದ್ದ. ದೀಪಗಳು ಆಗಷ್ಟೇ ಹತ್ತುತ್ತಿದ್ದವು. ಆ ಹುಲ್ಲಿಗೆ ಕಾಲಿಡಲು ಅವನು ಬೆಂಚಿನ ಮೇಲೆ ಕಾದ ವರ್ಷಗಳು ನನಗೆ ಗೊತ್ತು. “ಅಕ್ಕ, ಇಪ್ಪತ್ತೇ ನಿಮಿಷ ಕಣೇ,” ಎಂದ, ಚಿಕ್ಕಂದಿನಲ್ಲಿ ಇನ್ನೊಂದು ತುಂಡು ಕೇಕಿಗೆ ಗೋಗರೆಯುವ ಹಾಗೆ. ಕೋಚ್ ಅವನ ಬೆನ್ನು ತಟ್ಟಿದ. ಅವನು ಹೋಗಲು ಹೆಜ್ಜೆ ಎತ್ತಿಯೇಬಿಟ್ಟ.

“ಕಳೆದುಹೋದೋರು ಯಾರು?”

ಅಪ್ಪ. ಅಷ್ಟು ಮೆಟ್ಟಿಲು ಇಳಿದು, ಅಷ್ಟು ಜನರನ್ನು ದಾಟಿ, ಏದುಸಿರು ಬಿಡುತ್ತಾ ನನ್ನ ಪಕ್ಕದಲ್ಲಿ ನಿಂತಿದ್ದ. ಬೇರೇನೂ ಕೇಳಲಿಲ್ಲ.

ವೆಂಡೋ ಎತ್ತಿದ ಹೆಜ್ಜೆ ಇಳಿಸಿದ. ತಿರುಗಿ ಕಂಬಿಯ ಹತ್ತಿರ ಬಂದು ನಿಂತ. “ನಾನು, ಅಪ್ಪ,” ಎಂದ. “ಕಾಲಿಲ್ಲದ್ದು ತಿಂದೆ. ನಾನೇ ಕುಯ್ದೆ.”

ನಾನು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಿದ ನೋಟಕ್ಕೆ ಹಾಗೇ ಮುಚ್ಚಿದೆ. ಅಪ್ಪ ನಿಧಾನವಾಗಿ ಹ್ಯಾಟ್ ತೆಗೆದು ಎದೆಗೆ ಒತ್ತಿಕೊಂಡ.

ತಿಬೋರ್ ಓಡಿ ಬಂದ. “ಅಣ್ಣ, ಏನಾಯ್ತು? ನಾನು ಕೊಟ್ಟಿದ್ನಲ್ಲ, ಆ ದೊಡ್ಡದು—”

“ಅದಾ? ಅದರ ತುಂಬ ಹುಳ ಇತ್ತು ಮಾರಾಯ, ಎಸೆದ್ಬಿಟ್ಟೆ,” ಎಂದ ವೆಂಡೋ ನಗುತ್ತಾ. “ಕೋಟು ಬಿಚ್ಚು. ಮೈ ಬೆಚ್ಚಗೆ ಮಾಡ್ಕೋ. ನಿನ್ನನ್ನೇ ಇಳಿಸ್ತಾರೆ ನೋಡ್ತಿರು.” ಆ ಹುಡುಗ ಒಂದು ಗಳಿಗೆ ನಿಂತ. ಆಮೇಲೆ ಕೋಚ್ ಕರೆದ, ಹೋದ.

ಆಂಬುಲೆನ್ಸ್ ಗೇಟು ದಾಟುವ ಮೊದಲೇ ವಾಂತಿ ಶುರುವಾಯಿತು. ಬಕೆಟ್ಟು ನನ್ನ ಕೈಯಲ್ಲಿ, ಅವನ ತಲೆ ನನ್ನ ತೋಳಿನಲ್ಲಿ. ಅಪ್ಪ ಎದುರಿಗೆ ಕೂತು ಹ್ಯಾಟಿನ ಅಂಚು ತಿರುಗಿಸುತ್ತಿದ್ದ. ಡ್ರೈವರ್ ರೇಡಿಯೋ ಹಾಕಿದ್ದ. ಆಸ್ಪತ್ರೆಯ ರಸ್ತೆಗೆ ತಿರುಗುವಾಗ ತಿಬೋರ್ ಗೋಲು ಹೊಡೆದ. ವೀಕ್ಷಕ ವಿವರಣೆಗಾರನ ಗಂಟಲು ಹರಿಯುತ್ತಿತ್ತು. ವೆಂಡೋ ಬಕೆಟ್ಟಿನಿಂದ ತಲೆ ಎತ್ತಿ, “ಎಡಗಾಲಲ್ಲಿ ಹೊಡೆದ್ನಂತಾ?” ಎಂದು ಕೇಳಿ, ಮತ್ತೆ ತಲೆ ಬಗ್ಗಿಸಿ ಗಳಗಳ ಅತ್ತ.

ಹೊಟ್ಟೆ ತೊಳೆದರು, ಇದ್ದಿಲ ಪುಡಿ ಕುಡಿಸಿದರು, ಮುಳ್ಳುಗಿಡದ ಬೀಜದಿಂದ ಮಾಡಿದ ಔಷಧಿಯನ್ನು ನರಕ್ಕೆ ಬಿಟ್ಟರು. ಮರುದಿನ ಎಲ್ಲ ನಿಂತಿತು. ವೆಂಡೋ ದಿಂಬಿಗೆ ಒರಗಿ ಕೂತು ಸಾರು ಕೇಳಿದ. ಪತ್ರಿಕೆಯವರು ಬಂದರು. “ನಾನೇ ಕುಯ್ದೆ, ನಾನೇ ಸುಟ್ಟೆ, ನಾನೇ ತಿಂದೆ. ಅಡುಗೆಯವಳ ಮೇಲೂ ತಪ್ಪು ಹೊರಿಸೋಹಾಗಿಲ್ಲ,” ಎಂದು ನಗಿಸಿ ಕಳಿಸಿದ. ಮಾರನೆಯ ದಿನ ಪತ್ರಿಕೆಯಲ್ಲಿ ಅಣಬೆಯ ಟೋಪಿ ಹಾಕಿದ ಅವನ ವ್ಯಂಗ್ಯಚಿತ್ರ ಬಂತು. ದೇಶವೆಲ್ಲ ನಕ್ಕಿತು. ಗೆದ್ದ ದೇಶಕ್ಕೆ ನಗುವುದು ಸುಲಭ.

ಆ ಹೊತ್ತಿಗೆ ಅವನ ಕಣ್ಣಿನ ಬಿಳಿ ಹಳದಿಯಾಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇಂದು ನಾಳೆ ದಾಟಬೇಕು, ಏನೂ ಹೇಳಲಾಗದು ಎಂದರು. ಬೆಂಚಿನ ಮೇಲೆ ಕೂತು ತಲೆ ಚಚ್ಚಿಕೊಂಡೆ. ಪಂದ್ಯದ ರಾತ್ರಿಯೇ ಊರಿಗೆ ವಾಪಸು ಹೋದ ಅಪ್ಪ ಮತ್ತೆ ಬಂದಿರಲಿಲ್ಲ, ಅದಕ್ಕೆ ಅವನ ಮೇಲೂ ಸಿಟ್ಟಿತ್ತು. ಅವತ್ತು ಬಂದ. ಬೂಟಿನಲ್ಲಿ ಕಾಡಿನ ಮಣ್ಣು. ವೆಂಡೋನ ಹಾಸಿಗೆಯ ಕೆಳತುದಿಯಲ್ಲಿ ಕೂತ.

“ನಿನ್ನ ಚಾಕು ಮೊಳೇಲೇ ಇದೆ,” ಎಂದ.

ವೆಂಡೋ ಹೊದಿಕೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡ.

“ಗುಳಿಗಳಿಗೆಲ್ಲ ಪಾಚಿ ಮುಚ್ಚಿದೀಯ. ಕುಯ್ದ ಆ ಕಾಲಿಗೆ ಮಾತ್ರ ಇಲ್ಲ.” ಅಪ್ಪ ಮುಂದಕ್ಕೆ ಬಗ್ಗಿದ. “ಆ ಹುಡುಗಂಗೆ ಗೊತ್ತಾ?”

“ಇಲ್ಲಪ್ಪ.”

“ಗೊತ್ತಾಗೋದು ಬೇಡ. ಇಪ್ಪತ್ತೊಂದು ವಯಸ್ಸಿಗೆಲ್ಲ ಅಂಥದ್ದು ಹೊತ್ಕೊಂಡು ಓಡೋಕಾಗಲ್ಲ.” ಹಾಗೆಂದು ಹೊದಿಕೆಯ ಮೇಲಿನಿಂದಲೇ ಮಗನ ಪಾದ ಹಿಡಿದುಕೊಂಡ. ರಾತ್ರಿಯೆಲ್ಲ ಬಿಡಲಿಲ್ಲ. ಬೆಳಗ್ಗೆ ನಾನು ಚಹಾ ತಂದಾಗ ಕೂತಲ್ಲೇ ನಿದ್ದೆ ಹೋಗಿದ್ದ, ಕೈ ಮಾತ್ರ ಅಲ್ಲೇ ಇತ್ತು. ಅವತ್ತಿನ ರಕ್ತ ಪರೀಕ್ಷೆ ನೋಡಿ ಲಿವರ್ ಚೇತರಿಸಿಕೊಳ್ಳುತ್ತಿದೆ ಎಂದರು.

ವೆಂಡೋ ಉಳಿದ. ರಾಷ್ಟ್ರೀಯ ತಂಡದ ಕರೆ ಮತ್ತೆ ಬರಲಿಲ್ಲ. ಕ್ಲಬ್ಬಿಗೆ ಇನ್ನೂ ಕೆಲವು ವರ್ಷ ಆಡಿದ. ಹೋದಲ್ಲೆಲ್ಲ ‘ಅಣಬೆ, ಅಣಬೆ’ ಎಂದು ಕೂಗುತ್ತಿದ್ದರು, ಮೈದಾನಕ್ಕೆ ಅಣಬೆ ಎಸೆಯುತ್ತಿದ್ದರು. ಅವನು ಎತ್ತಿ ನೋಡಿ, “ಕಾಲಿದೆ, ತಿನ್ಬಹುದು,” ಎಂದು ವಾಪಸು ಎಸೆಯುತ್ತಿದ್ದ. ನಾನಾಗಿದ್ದರೆ ಅದನ್ನು ಅವರ ಬಾಯಿಗೇ ತುರುಕುತ್ತಿದ್ದೆ.

ಅಪ್ಪನಿಗೆ ಅಂಥ ತಮಾಷೆ ಬರುತ್ತಿರಲಿಲ್ಲ. ಮುಂದಿನ ವರ್ಷ ಇದೇ ಅಂಗಡಿಯಲ್ಲಿ, ಟಿವಿಯಲ್ಲಿ ತಿಬೋರ್ ಗೋಲು ಹೊಡೆದ ರಾತ್ರಿ, ಕುಡಿದಿದ್ದ ನಮ್ಮೂರಿನ ಇಮ್ರಿ ತಡೆಯಲಾರದೆ ಕೇಳಿಬಿಟ್ಟ. “ಕೊರ್ನೆಲ್ ಮಾವ, ಬೇಜಾರ್ ಮಾಡ್ಕೋಬೇಡಿ. ಊರಿಗೆಲ್ಲ ಅಣಬೆ ಪಾಠ ಹೇಳೋರು ನೀವು. ಸ್ವಂತ ಮಗ ಹೆಂಗೆ ತಪ್ದ?”

ನಾನು ತುಂಬಿಸುತ್ತಿದ್ದ ಲೋಟ ಕೆಳಗಿಟ್ಟೆ. ಅಪ್ಪ ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಟಿವಿಯಲ್ಲಿ ತಿಬೋರ್‌ನನ್ನು ಎತ್ತಿ ಕುಣಿಸುತ್ತಿದ್ದರು.

ಅಪ್ಪ ಎದ್ದು ನಿಂತ. “ಕಲಿಸಿದೋನು ನಾನು,” ಎಂದ. “ಸರಿಯಾಗಿ ಕಲಿಸ್ಲಿಲ್ಲ. ತಪ್ಪು ನಂದು.” ನಲವತ್ತು ವರ್ಷ ಆ ಕಾಡು ಕಾದವನು, ಒಂದು ಅಣಬೆಯನ್ನೂ ತಪ್ಪು ಗುರುತಿಸದವನು, ಊರಿನ ಮುಂದೆ ಹಾಗೆ ಹೇಳಿ ಕೂತ. ಆಮೇಲೆ ಟಿವಿಯ ಕಡೆ ಕೈ ತೋರಿಸಿ, “ಒಳ್ಳೇ ಹುಡುಗ ಅವನು, ಎರಡೂ ಕಾಲಲ್ಲಿ ಆಡ್ತಾನೆ,” ಎಂದ. ನಾನು ಅಡುಗೆಮನೆಗೆ ಹೋಗಿ ಏಪ್ರನ್ ಬಾಯಿಗೆ ತುರುಕಿಕೊಂಡು ಅತ್ತೆ.

ಅಪ್ಪ ತೀರಿಕೊಂಡದ್ದು ಈಚೆಗೆ, ಹೋದ ಚಳಿಗಾಲದಲ್ಲಿ. ಶವಸಂಸ್ಕಾರಕ್ಕೆ ತಿಬೋರ್ ಬಂದಿದ್ದ. ಆಟ ಬಿಟ್ಟಿದ್ದಾನೆ, ಕೂದಲು ನರೆತಿದೆ, ದೊಡ್ಡ ಕಾರು. ಕೈಯಲ್ಲಿ ಹೂವಿರಲಿಲ್ಲ. ಮಣ್ಣು ಹಾಕಿ ಬಂದು, ಊಟಕ್ಕೆ ಎಲ್ಲರೂ ನಮ್ಮ ಮನೆಯ ಒಳಗೆ ಹೋಗುವಾಗ ಅವನು ಬಾಗಿಲಲ್ಲಿ ಹಿಂದುಳಿದ. ಮೊಳೆಯಲ್ಲಿ ನೇತಾಡುತ್ತಿದ್ದ ತುಕ್ಕು ಹಿಡಿದ ಚಾಕುವನ್ನು ನೋಡುತ್ತಾ ನಿಂತ. ಅದರ ಕತೆಯನ್ನು ವೆಂಡೋ ಅವನಿಗೆ ಹೇಳಿದ್ದು ಹೋಟೆಲಿನ ಕೋಣೆಯಲ್ಲಿ, ಪಂದ್ಯದ ಹಿಂದಿನ ರಾತ್ರಿಯಂತೆ; ಚಾಕು ಯಾಕೆ ಕೂಡದು ಎನ್ನುವುದನ್ನು ಮಾತ್ರ ಹೇಳಿರಲಿಲ್ಲವಂತೆ.

“ಪ್ಲಾವ್ಕಾಗೆ ಹುಳ ಬೀಳೋದು ನಾನೂ ಎಷ್ಟೋ ನೋಡಿದೀನಿ ಅಕ್ಕ, ಆಮೇಲಾಮೇಲೆ,” ಎಂದ ನನಗೆ, ತಿರುಗದೆ. “ಆದ್ರೆ ಯಮನಿಗೆ ಹುಳ ಬಿದ್ದಿದ್ದನ್ನೂ ನೋಡಿದೀನಿ. ಹುಳಕ್ಕೇನೂ ಆಗಲ್ಲ ಅದರಿಂದ. ಹುಳ ಇತ್ತು, ಎಸೆದೆ ಅಂತ ಅಣ್ಣ ಅಂದಿದ್ದನ್ನೇ ಇಷ್ಟು ವರ್ಷ ನಂಬೋಕೆ ನೋಡ್ದೆ. ಆಗ್ಲಿಲ್ಲ.”

ಜೇಬಿನಿಂದ ಒಂದು ಸಣ್ಣ ಮಡಚುವ ಚಾಕು ತೆಗೆದ. ಹಿಡಿ ಸವೆದಿತ್ತು. ಅದರ ಬಳೆಯನ್ನು ಅದೇ ಮೊಳೆಗೆ, ವೆಂಡೋನ ಚಾಕುವಿನ ಪಕ್ಕಕ್ಕೆ ಸಿಕ್ಕಿಸಿದ. ಎರಡು ಸಲ ಜಾರಿತು.

ಯಾವಾಗ ಬಂದಿದ್ದನೋ, ವೆಂಡೋ ನನ್ನ ಹಿಂದೆ ನಿಂತಿದ್ದ. ಮೊಳೆಯನ್ನು ನೋಡಿದ, ಅವನನ್ನು ನೋಡಿದ.

“ಒಳಗೆ ಬಾ,” ಎಂದ. “ಸಾರು ಆರೋಗ್ತಿದೆ.”